ಪಕ್ಕದವರು ಹೇಳಬೇಕು

ನಮ್ಮ ಬಳಗದಲ್ಲಿ ಹಾಜರಿ ಕೂಗಿದಾಗ ತಮ್ಮ ಹೆಸರಿಗೆ ತಾವೇ ಓಗೊಡುವಂತಿಲ್ಲ. ಪಕ್ಕದಲ್ಲಿ ಕೂತವರು ‘ಇದ್ದಾರೆ’ ಅನ್ನಬೇಕು. ಐವತ್ತು ವರ್ಷದ ಹಿಂದೆ ಬೇರೆ ಬೇರೆ ಸಭೆಗಳ ಹನ್ನೊಂದು ಮಂದಿ ಕ್ರೈಸ್ತರು ಬಾಡಿಗೆ ಕೋಣೆಯೊಂದರಲ್ಲಿ ಒಟ್ಟಿಗೆ ಪ್ರಾರ್ಥನೆ ಶುರುಮಾಡಿದ ದಿನವೇ ಆದ ಕಟ್ಟಳೆ ಇದು. ಸತ್ತವರ ಹೆಸರಿಗೂ ಯಾರಾದರೂ ಹೇಳುತ್ತಾರೆ. ಮೂರು ಸಲ ಕೂಗಿದರೂ ಯಾರೂ ಹೇಳದಿದ್ದರೆ ಆ ಹೆಸರಿನ ಮೇಲೆ ಗೆರೆ ಬೀಳುತ್ತದೆ, ಆಮೇಲೆ ಅವರು ಬಳಗದವರಲ್ಲ.

ಆ ಹನ್ನೊಂದರಲ್ಲಿ ನಾನೂ ನನ್ನ ಅಕ್ಕನೂ ಇದ್ದೆವು. ಅವಳು ನರ್ಸು, ನಾನು ದರ್ಜಿ. ಅವಳಿಗೆ ಬಾಯಿ ಜೋರು. ನನ್ನ ಬಾಯಲ್ಲಿ ಯಾವಾಗಲೂ ಗುಂಡುಸೂಜಿ. ಒಂಬತ್ತನೇ ವರ್ಷ ಅವಳು ತುಂಬಿದ ಸಭೆಯಲ್ಲಿ ಎದ್ದು, ನಾವೆಲ್ಲ ದೊಡ್ಡಣ್ಣ ಅನ್ನುವ ಬಳಗದ ಹಿರಿಯರು ಹೆಂಡತಿಯನ್ನು ಹೊಡೆಯುತ್ತಾರೆ ಅಂದುಬಿಟ್ಟಳು. ಮುಂದಿನ ವಾರ ಅವಳ ಹೆಸರನ್ನು ಮೂರು ಸಲ ಕೂಗಿದರು. ಪಕ್ಕದಲ್ಲಿ ಕೂತವಳು ನಾನೇ. ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ಎದ್ದು ಹೋದಳು. ವರ್ಷ ತುಂಬುವುದರೊಳಗೆ ಜ್ವರದಲ್ಲಿ ಒಬ್ಬಳೇ ತೀರಿಕೊಂಡಳು.

ಸತ್ತವಳು ಸುಮ್ಮನಿರಬಾರದೇ? ಅಂದಿನಿಂದ ಪ್ರತಿ ವಾರ ಬಂದು ನನ್ನ ಎಡಗಡೆ ಕೂರುತ್ತಾಳೆ. ಬೆಂಚು ಕಿರುಗುಟ್ಟುತ್ತದೆ, ಸ್ಪಿರಿಟ್ಟಿನ ವಾಸನೆ ಬರುತ್ತದೆ. ಆ ಜಾಗದಲ್ಲಿ ನಾನು ಬೇರೆ ಯಾರನ್ನೂ ಕೂರಿಸಿಲ್ಲ. ಮುದುಕಿಗೆ ಧಿಮಾಕು ಅನ್ನುತ್ತಾರೆ. ಅನ್ನಲಿ ಬಿಡಿ.

ಸುವರ್ಣ ವರ್ಷದ ಆರಾಧನೆಗೆ ಬೇರೆ ಸಭೆಗಳವರೂ ಬಂದಿದ್ದರು. ಹಾಡಿದೆವು, ಒಂದೇ ರೊಟ್ಟಿ ಮುರಿದು ಹಂಚಿಕೊಂಡೆವು. ಆಮೇಲೆ ಕುರ್ಚಿ, ಬೆಂಚುಗಳನ್ನು ಸುತ್ತ ಎಳೆದುಕೊಂಡು ಸಂವಾದಕ್ಕೆ ಕೂತೆವು. ಇಷ್ಟು ವರ್ಷ ಒಡೆಯದೆ ಹೇಗೆ ಉಳಿದಿರಿ ಎಂದು ಅತಿಥಿ ಪಾದ್ರಿ ಕೇಳಿದರು.

“ನಾವು ಯಾರನ್ನೂ ಹೊರಗೆ ಹಾಕಿದವರಲ್ಲ ಫಾದರ್,” ಅಂದರು ದೊಡ್ಡಣ್ಣ. ತೊಂಬತ್ತರ ಹತ್ತಿರ ಬಂದರೂ ದನಿ ಗಟ್ಟಿ.

ನನ್ನ ಎಡಗಡೆ ಬೆಂಚು ಕಿರುಗುಟ್ಟಿತು.

ಕೊನೆಗೆ ಹಾಜರಿ. ಹೊಸ ಕಾರ್ಯದರ್ಶಿ ದೊಡ್ಡಣ್ಣನ ಮೊಮ್ಮಗಳು. ವಿಶೇಷ ದಿನವೆಂದು ಪೆಟ್ಟಿಗೆಯ ತಳದಿಂದ ಮೊಟ್ಟಮೊದಲ ದಿನದ ಪಟ್ಟಿಯನ್ನೇ ಹುಡುಕಿ ತಂದಿದ್ದಳು, ಪಾಪ. ಅದರಲ್ಲಿ ಗೆರೆಗಳೇ ಇರಲಿಲ್ಲ. ಆರನೆಯದಾಗಿ ಅಕ್ಕನ ಹೆಸರು ಕೂಗಿದಳು.

ಹಳಬರೆಲ್ಲ ದೊಡ್ಡಣ್ಣನ ಕಡೆ ತಿರುಗಿದರು. ಎರಡನೇ ಸಲ ಕೂಗಿದಳು. ಈ ಬಳಗ ಬಿಟ್ಟರೆ ನನಗೆ ಯಾರಿದ್ದಾರೆ? ನಾಳೆ ಸತ್ತರೆ ಹೆಗಲು ಕೊಡುವವರೂ ಇವರೇ. ಮೂರನೇ ಸಲ ಕೂಗಲು ಹುಡುಗಿ ಬಾಯಿ ತೆರೆದಳು.

“ಇದ್ದಾಳೆ,” ಅಂದೆ.

“ಎಲ್ಲಿದ್ದಾರಮ್ಮ?” ಪಾದ್ರಿ ಅತ್ತಿತ್ತ ನೋಡಿದರು.

“ಸತ್ತು ನಲವತ್ತು ವರ್ಷ ಆಯ್ತು ಫಾದರ್. ದೊಡ್ಡಣ್ಣ ಹೆಂಡ್ತೀನ ಹೊಡೀತಾರೆ ಅಂದಿದ್ದಕ್ಕೆ ಅವಳನ್ನ ತೆಗೆದುಹಾಕಿದ್ವಿ. ಅವಳು ಹೇಳಿದ್ದು ನಿಜ. ಅವರ ಹೆಂಡ್ತಿ, ತೀರಿಹೋದ ಅತ್ತಿಗೆಗೆ ರವಿಕೆ ಹೊಲೀತಿದ್ದೋಳು ನಾನು. ಅಳತೆ ತಗೊಳ್ಳೋವಾಗ ಬೆನ್ನ ಮೇಲಿನ ಬಾಸುಂಡೆ ನೋಡಿದ್ದೂ ನಾನೇ, ಅಕ್ಕಂಗೆ ಬಂದು ಹೇಳಿದ್ದೂ ನಾನೇ. ಸಭೇಲಿ ಮಾತ್ರ ಬಾಯಿ ಬಿಡಲಿಲ್ಲ.”

ದೊಡ್ಡಣ್ಣ ನೆಲ ನೋಡಿದರು. ಮೊಮ್ಮಗಳು ತಾತನ ಮುಖ ನೋಡಿ, ಏನೂ ತೋಚದೆ, ಪಟ್ಟಿಯ ಮುಂದಿನ ಹೆಸರು ಕೂಗಿದಳು. ಅದು ನನ್ನದು.

ನನ್ನ ಬಲಗಡೆ ಗಡಿಯಾರ ರಿಪೇರಿಯವರು. ಇಷ್ಟು ವರ್ಷವೂ ನನಗಾಗಿ ‘ಇದ್ದಾರೆ’ ಅಂದವರು ಅವರೇ. ಕನ್ನಡಕ ತೆಗೆದು ಒರೆಸತೊಡಗಿದರು. ಎರಡನೇ ಸಲ ನನ್ನ ಹೆಸರು ಬಂತು. ಇನ್ನೂ ಒರೆಸುತ್ತಲೇ ಇದ್ದರು. ನಾನು ಅವರ ಮುಖವನ್ನೇ ನೋಡುತ್ತ ಕೂತೆ.

ಎರಡನೇ ಕೂಗಿಗೂ ಮೂರನೇ ಕೂಗಿಗೂ ನಡುವೆ ಎಷ್ಟು ಹೊತ್ತು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವತ್ತು ಅಷ್ಟು ಹೊತ್ತೂ ಅಕ್ಕ ಹೀಗೇ ನನ್ನ ಮುಖ ನೋಡುತ್ತಿದ್ದಳು.