ಆತ್ಮಕ್ಕೆ ಬರೆದ ಮನೆ

ನನ್ನ ಯಜಮಾನಿ ಗ್ರಾಸಿಯಮ್ಮ ಮೂರನೇ ಸಲ ಸಾಯಲು ಹೊರಟಾಗ ಬಹಿಯಾ ಪಟ್ಟಣದ ಮೀನು ಸಂತೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಿಂದಿನ ಎರಡು ಸಲವೂ ಅವಳು ಉಯಿಲು ಬರೆಸಿ, ಪಾದ್ರಿಯಿಂದ ಸಾಯುವವರಿಗೆ ಹಚ್ಚುವ ಕಡೆಯ ಎಣ್ಣೆ ಹಚ್ಚಿಸಿಕೊಂಡು, ಬೆಳಗಾಗುತ್ತಲೇ ಎದ್ದು ಕೂತು ಅಲಸಂದೆ ವಡೆ ಕೇಳಿದ್ದಳು. ಈ ಸಲವೂ ಹಾಗೇ ಆಯಿತು. ಪಾದ್ರಿಗೆ ಎಣ್ಣೆ ದಂಡ.

ನಿಜವಾಗಿ ನಷ್ಟವಾದದ್ದು ನನಗೆ. ಉಯಿಲಿನಲ್ಲಿ ನನ್ನ ಹೆಸರಿತ್ತು: ‘ನನ್ನ ದಾಸಿ ಕಿತೇರಿಯಾ ನನ್ನ ಮರಣದ ನಂತರ ಸ್ವತಂತ್ರಳು.’ ಗ್ರಾಸಿಯಮ್ಮನೂ ಒಂದು ಕಾಲದಲ್ಲಿ ಹಡಗಿನಿಂದ ಇಳಿದ ದಾಸಿಯೇ. ವಡೆ ಮಾರಿ ತನ್ನನ್ನು ತಾನು ಕೊಂಡುಕೊಂಡಳು. ಆಮೇಲೂ ವಡೆ ಮಾರಿ ನನ್ನನ್ನು ಕೊಂಡುಕೊಂಡಳು. ಇದರಲ್ಲಿ ವಿಚಿತ್ರವೇನೂ ನಮಗೆ ಕಾಣುತ್ತಿರಲಿಲ್ಲ.

ಸಂತೆಯಲ್ಲಿ ಹೆಂಗಸರು ಬುಟ್ಟಿಯಿಂದ ಕತ್ತೆತ್ತಿ, “ನಿಮ್ಮಮ್ಮ ಹೇಗಿದಾರೆ?” ಎನ್ನುವರು.

“ಚೆನ್ನಾಗಿದಾರೆ.”

“ಅಯ್ಯೋ ಪಾಪ” ಎನ್ನುವರು.

ನಾನು ಅವಳು ಸಾಯಲಿ ಎಂದು ಕಾಯುತ್ತಿದ್ದೆ, ಸಾಯದಂತೆ ಗಂಜಿಯನ್ನೂ ಕುಡಿಸುತ್ತಿದ್ದೆ. ಎರಡೂ ನನ್ನ ಕೆಲಸವೇ ಆಗಿತ್ತು.

ಇನ್ನು ಮನೆಯ ವಿಷಯ. ಕಡಲಾಚೆಯ ಮೀನಾ ಕರಾವಳಿಯಿಂದ ಬಂದ, ಗಂಡ ಮಕ್ಕಳಿಲ್ಲದ ನಮ್ಮ ಹೆಂಗಸರು ತಮ್ಮ ಆತ್ಮವನ್ನೇ ವಾರಸುದಾರ ಎಂದು ಬರೆಸುತ್ತಾರೆ. ಸತ್ತ ಮೇಲೆ ಚರ್ಚಿನ ಜಪಮಾಲೆ ಮಾತೆಯ ಸಂಘದವರು ಆಸ್ತಿ ಮಾರಿ, ಬಂದ ದುಡ್ಡಿನಲ್ಲಿ ಆ ಆತ್ಮಕ್ಕೆ ಪೂಜೆ ಮಾಡಿಸುತ್ತಾರೆ. ಗ್ರಾಸಿಯಮ್ಮನೂ ಹಾಗೇ ಬರೆಸಿದ್ದಳು. ಗುಡ್ಡದ ಬೀದಿಯ ಮೇಲಿನ ಆ ಒಂದು ಕೋಣೆ, ಹಿತ್ತಲಿನ ಒಲೆ, ಹವಳದ ಸರ, ಬಾಣಲೆಗಳು, ಎಲ್ಲವೂ ಅವಳ ಆತ್ಮಕ್ಕೆ.

ಬೇರೆಯವರು ಬರೆಸಿ ಮರೆತುಬಿಡುತ್ತಾರೆ. ಇವಳು ಮರೆಯಲಿಲ್ಲ. ಮೂರನೇ ಸಲ ಎದ್ದಮೇಲಂತೂ ಆತ್ಮದ ಪರವಾಗಿ ಕಾವಲಿಗೆ ಕೂತಳು.

“ಆ ಬಟ್ಟಲು ಮುಟ್ಟಬೇಡ ಕಣೇ, ಅದು ಆತ್ಮದ್ದು. ಬಿರುಕು ಬಿಟ್ಟಿರೋದ್ರಲ್ಲಿ ಉಣ್ಣು.”

“ಬಿರುಕು ಬಿಟ್ಟಿರೋದು ಯಾರದ್ದಮ್ಮ?”

“ಅದೂ ಆತ್ಮದ್ದೇ. ಆದ್ರೆ ಅದಕ್ಕೆ ಅದು ಬೇಕಾಗಲ್ಲ.”

ಒಂದು ಬೆಳಿಗ್ಗೆ ನಾನು ಕೆಳಗಿನ ಚಿಲುಮೆಯಿಂದ ನೀರು ಹೊತ್ತು ಗುಡ್ಡ ಹತ್ತಿ ಬಂದೆ. ಕಲ್ಲು ಜಾರಿ ಮಂಡಿ ತರಚಿಹೋಗಿತ್ತು. ಗ್ರಾಸಿಯಮ್ಮ ಕೊಡದೊಳಗೆ ಇಣುಕಿ, ನೀರು ಕಡಿಮೆ ಇದೆ ಎಂದಳು. ನನಗೆ ರೇಗಿಹೋಯಿತು.

“ನಾಳೆಯಿಂದ ನಿಮ್ಮ ಆತ್ಮಾನೇ ಕಳಿಸಿ. ಮನೆ ಅದರದ್ದು ತಾನೆ? ಒಂದು ಕೊಡ ನೀರು ತರಲಿ.”

ಕಪಾಳಕ್ಕೆ ಬೀಳುತ್ತದೆ ಎಂದು ಕೆನ್ನೆ ಗಟ್ಟಿ ಮಾಡಿ ನಿಂತೆ. ಬೀಳಲಿಲ್ಲ. ಅವಳು ಮಂಚದ ಮೇಲೆ ಕೂತು ಆ ದಿನವೆಲ್ಲ ಗೋಡೆ ನೋಡಿದಳು. ಸಂಜೆ ಹೊತ್ತಿಗೆ, “ಹೌದಲ್ವೇನೆ, ಇಷ್ಟು ವರ್ಷ ನನ್ನ ಜೊತೆನೇ ಇದೆ, ಒಂದು ದಿನ ಕಾಲು ಒತ್ತಿಲ್ಲ” ಎಂದಳು.

ಮಾರನೆಯ ದಿನ ಪತ್ರ ಬರೆಯುವ ಅನ್ಸೆಲ್ಮೊನನ್ನು ಕರೆಸಿದಳು. ಅವಳಿಗಾಗಲಿ ನನಗಾಗಲಿ ಅಕ್ಷರ ಬಾರದು. ಹಿಂದಿನ ಮೂರು ಉಯಿಲುಗಳನ್ನೂ ಬರೆದವನು ಅವನೇ.

“ಮತ್ತೆ ಸಾಯ್ತಿದೀರಾ?” ಎಂದು ಕೇಳಿದ, ಮಸಿಕುಡಿಕೆ ಇಳಿಸುತ್ತಾ.

“ಇಲ್ಲ ಯಜಮಾನ್ರೆ. ನನ್ನ ಆತ್ಮಕ್ಕೆ ಆಸ್ತಿ ತಪ್ಪಿಸಬೇಕು.”

ಅನ್ಸೆಲ್ಮೊ ಶಿಲುಬೆಯ ಗುರುತು ಮಾಡಿಕೊಂಡ. “ಅದು ಏನು ತಪ್ಪು ಮಾಡಿದೆ?”

“ಏನೂ ಮಾಡಿಲ್ಲ. ಅದೇ ತಪ್ಪು. ಮನೆ ಇವಳಿಗೆ ಬರೀರಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೋಡಿ ಗ್ರಾಸಿಯಮ್ಮ, ನೀವು ಕಣ್ಣು ಮುಚ್ಚಿದ ಕೂಡಲೇ ಸಂಘದವರು ಬಂದು ಬಾಗಿಲಿಗೆ ಬೀಗ ಹಾಕ್ತಾರೆ. ಉಯಿಲು ಓದೋ ಮುಂಚೆನೇ ಸಾಮಾನೆಲ್ಲ ಬರಕೊಳ್ತಾರೆ. ಬಾಣಲೆ, ಮಂಚ, ಕಿತೇರಿಯಾ ಅಂತ. ಬಾಣಲೆಗೆ ಯಾರಾದ್ರೂ ಮನೆ ಬರೀತಾರಾ? ಮೊದಲು ಇವಳನ್ನ ಬಿಡಿ. ಈಗಲೇ, ಬದುಕಿರುವಾಗಲೇ.”

ಗ್ರಾಸಿಯಮ್ಮನ ಮುಖ ಸಣ್ಣಗಾಯಿತು. ಕಾರಣ ನನಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು. ನನಗಿಂತ ಮುಂಚೆ ಈ ಮನೆಯಲ್ಲಿ ಬೆರ್ನಾರ್ದಾ ಎಂಬವಳಿದ್ದಳು. ಬಿಟ್ಟರೆ ಎಲ್ಲಿಗೂ ಹೋಗುವುದಿಲ್ಲ ಎಂದು ಮಾತೆಯ ಮೇಲೆ ಆಣೆ ಇಟ್ಟಿದ್ದಳು. ಬಿಡುಗಡೆ ಪತ್ರ ಕೈಗೆ ಬಂದ ಸಂಜೆಯೇ, ವಡೆ ಎತ್ತುವ ಜಾಲರಿ ಸೌಟಿನ ಸಮೇತ ಹೊರಟುಹೋದಳು. ಈಗ ಸಂತೆಯಲ್ಲಿ ಅದೇ ಸೌಟಿನಲ್ಲಿ ವಡೆ ಎತ್ತುತ್ತಾಳೆ. ಗ್ರಾಸಿಯಮ್ಮನಿಗೆ ದಾಸಿ ಹೋದದ್ದು ಹೆಚ್ಚೋ ಸೌಟು ಹೋದದ್ದು ಹೆಚ್ಚೋ ಹೇಳುವುದು ಕಷ್ಟ.

ಅವಳು ನನ್ನ ಕಡೆ ತಿರುಗಿದಳು. “ಬಿಟ್ರೆ ಹೋಗ್ತೀಯೇನೆ? ಹೋದ್ರೆ ಮನೆ ಮತ್ತೆ ಆತ್ಮಕ್ಕೇ.”

ಅನ್ಸೆಲ್ಮೊ ಅವಳ ಬೆನ್ನ ಹಿಂದಿನಿಂದ ನನಗೆ ಕಣ್ಣಿನಲ್ಲೇ ಇಲ್ಲ ಅನ್ನು, ಇಲ್ಲ ಅನ್ನು ಎಂದು ಹೇಳಿಕೊಡುತ್ತಿದ್ದ. ಇಲ್ಲ ಎನ್ನಲು ಏನು ಕಷ್ಟ? ಇಲ್ಲ ಎಂದರೆ ಬಿಡುಗಡೆಯೂ ಸಿಗುತ್ತದೆ, ಮನೆಯೂ ಸಿಗುತ್ತದೆ. ಹೂಂ ಎಂದರೆ ಎರಡೂ ಇಲ್ಲ. ಆದರೆ ಆ ಕೋಣೆಯಲ್ಲಿ ಅವಳ ಕಾಲ ಬುಡದಲ್ಲಿ ಮಲಗಿ ಮಲಗಿ ನಾನು ನೆನೆಸಿದ್ದು ಒಂದೇ, ಯಾರನ್ನೂ ಕೇಳದೆ ಆ ಹೊಸಿಲು ದಾಟುವುದು. ಅದನ್ನು ಇಲ್ಲ ಎನ್ನಲು ಬಾಯಿ ಬರಲಿಲ್ಲ.

“ಹೋಗ್ತೀನಮ್ಮ” ಎಂದೆ.

ಅನ್ಸೆಲ್ಮೊ ಲೇಖನಿ ಕೆಳಗಿಟ್ಟ.

ಗ್ರಾಸಿಯಮ್ಮ ಮಂಚದ ಮೇಲೆ ನೆಟ್ಟಗೆ ಕೂತಳು. “ಅವಳು ಆಣೆ ಇಟ್ಟಳು. ನೀನು ಮುಖದ ಮೇಲೆ ಹೇಳ್ತಿದೀಯ” ಎಂದಳು. ಆಮೇಲೆ ಅವನಿಗೆ, “ಯಾಕೆ ನಿಲ್ಲಿಸಿದ್ರಿ? ಇವಳ ಬಿಡುಗಡೆ ಪತ್ರ ಬರೀರಿ. ಸೌಟು ಮಾತ್ರ ಇಲ್ಲೇ ಇರುತ್ತೆ ಅಂತಾನೂ ಬರೀರಿ.”

ನಾನು ಹೋದೆ. ಪತ್ರವನ್ನು ರವಿಕೆಯೊಳಗೆ ಇಟ್ಟುಕೊಂಡು, ಹೊಸಿಲು ದಾಟಿ, ಗುಡ್ಡ ಇಳಿದು, ಬೇರೆ ಹೆಂಗಸರ ಜೊತೆ ಒಂದು ನೆಲಮಾಳಿಗೆಯಲ್ಲಿ ಮೂಲೆ ಹಿಡಿದೆ. ಮೆಕ್ಕೆಜೋಳದ ಗಂಜಿ ಮಾರಿದೆ. ಬೆಳಿಗ್ಗೆ ಯಾರೂ ಕರೆಯದೆ ನಾನೇ ಏಳುತ್ತಿದ್ದೆ. ಆ ಸುಖ ಹೇಳತೀರದು.

ಕೆಲವು ದಿನ ಕಳೆದ ಮೇಲೆ ಚಿಲುಮೆಯ ಹತ್ತಿರ ಗ್ರಾಸಿಯಮ್ಮ ಕಂಡಳು. ಖಾಲಿ ಕೊಡ ಹಿಡಿದು, ಗೋಡೆ ಹಿಡಿದು, ಬಾಗಿ ಇಳಿದು ಬರುತ್ತಿದ್ದಳು. ನನ್ನನ್ನು ನೋಡಿಯೂ ನೋಡದಂತೆ ಸಾಲಿನಲ್ಲಿ ನಿಂತಳು. ನಾನೇ ಹೋಗಿ ಕೊಡ ಕಿತ್ತುಕೊಂಡೆ.

“ಕೂಲಿ ಎಷ್ಟು?” ಎಂದಳು.

“ಒಂದು ವಿಂತೇನ್.”

“ಹಗಲು ದರೋಡೆ. ಮೊದಲು ನೀನು ಬಿಟ್ಟಿ ತರ್ತಿದ್ದೆ.”

“ಆಗ ದಾಸಿ. ಈಗ ಕೂಲಿ.”

ಗುಡ್ಡ ಹತ್ತುವವರೆಗೂ ಚೌಕಾಶಿ ಮಾಡಿದಳು. ಕೊನೆಗೆ ನನ್ನ ಅಂಗೈಯಲ್ಲಿ ನಾಣ್ಯ ಒತ್ತಿ, ಬೆರಳು ಮಡಚಿದಳು. ಅವತ್ತಿನಿಂದ ದಿನವೂ ನೀರು, ದಿನವೂ ಜಗಳ, ದಿನವೂ ಕೂಲಿ. ರಾತ್ರಿ ಅಲ್ಲಿ ಉಳಿ ಎಂದು ಅವಳು ಕೇಳಲಿಲ್ಲ, ನಾನು ಉಳಿಯಲೂ ಇಲ್ಲ.

ಮಳೆಗಾಲದಲ್ಲಿ ಅವಳು ನಾಲ್ಕನೇ ಸಲ ಮಲಗಿದಳು, ಏಳಲಿಲ್ಲ. ಸಂಘದವರು ಬೀಗದ ಸಮೇತ ಬಂದರು. ಅನ್ಸೆಲ್ಮೊ ಎಲ್ಲರೆದುರು ಅವಳು ಕಡೆಯದಾಗಿ ಬರೆಸಿದ ಉಯಿಲು ಓದಿದ. ನಾನು ಬಾಗಿಲ ಹೊರಗೆ ನಿಂತಿದ್ದೆ. ಮನೆ ಆತ್ಮಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತಲ್ಲ.

“‘ನನ್ನ ವಾರಸುದಾರಳು ಕಿತೇರಿಯಾ, ಸ್ವತಂತ್ರ ಹೆಂಗಸು. ಹೋಗ್ತೀನಿ ಅಂದಳು, ಹೋದಳು, ಆದರೂ ನೀರು ತಂದಳು. ನನ್ನ ಆತ್ಮಕ್ಕೆ ಏನೂ ಇಲ್ಲ. ಅದಕ್ಕೂ ಬಿಡುಗಡೆ ಕೊಟ್ಟಿದ್ದೇನೆ. ಎಲ್ಲಿಗೆ ಬೇಕೋ ಹೋಗಲಿ.’”

ಸಂಘದವರು ಬೀಗ ವಾಪಸು ತೆಗೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ನಾನು ಚಿಲುಮೆಯಿಂದ ನೀರು ತಂದು, ನನ್ನ ಮನೆಯ ಬಾಗಿಲು ತೆರೆದು, ಕೊಡ ಇಳಿಸಿದೆ. ರೂಢಿಯಂತೆ ಕೂಲಿಗೆಂದು ಮಂಚದ ಕಡೆ ಕೈ ಚಾಚಿ, ಕಡಿಮೆ ಇದೆ ಎಂದು ಯಾರಾದರೂ ಬೈಯಲಿ ಎಂದು ನಿಂತೆ. ಆಮೇಲೆ ಆತ್ಮದ ಒಳ್ಳೇ ಬಟ್ಟಲಿನಲ್ಲಿ ನೀರು ತುಂಬಿಕೊಂಡು ಕುಡಿದೆ, ಅತ್ತುಬಿಟ್ಟೆ.