ಹೆಬ್ಬೆಟ್ಟಿನ ಹೇಳಿಕೆಗೆ ಹತ್ತು ಅಂಕ

ಮೌಲ್ಯಮಾಪನದ ಹಾಲ್ ಅಂದರೆ ಉದ್ದನೆಯ ಮೇಜುಗಳು, ಕಿರುಗುಟ್ಟುವ ಫ್ಯಾನು, ಉತ್ತರಪತ್ರಿಕೆಗಳ ಕಟ್ಟು, ಕಟ್ಟಿನ ಹಿಂದೆ ಕುತ್ತಿಗೆ ಬಗ್ಗಿಸಿದ ಮೇಷ್ಟ್ರುಗಳು. ಓದುತ್ತಾರೆ ಅಂದುಕೊಂಡಿರಾ? ಎಲ್ಲಿ ಬಂತು! ಎಡಗೈಯಲ್ಲಿ ಸ್ಕೀಮ್, ಅಂದರೆ ಮೇಲಿನವರು ಬರೆದು ಕಳಿಸಿದ ಮಾದರಿ ಉತ್ತರ. ಬಲಗೈಯಲ್ಲಿ ಕೆಂಪು ಪೆನ್ನು. ಸ್ಕೀಮಿನ ಮಾತು ಕಂಡರೆ ಗೀಟು, ಕಾಣದಿದ್ದರೆ ಸೊನ್ನೆ.

ಪದವಿ ಕಾಲೇಜಿನ ಇತಿಹಾಸದ ಮೇಡಂಗೆ ಈ ಗೀಟು ಎಳೆಯುವ ಕೆಲಸ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹುಡುಗರು ಅವರಿಗೆ ಇಟ್ಟ ಹೆಸರು ‘ಅನುಮಾನ ಮೇಡಂ’. ಒಂದು ಹಳೆಯ ಹಾಳೆ ಕೈಗಿಟ್ಟು ವಾರಗಟ್ಟಲೆ ಅದನ್ನೇ ಓದಿಸುವ ಆಸಾಮಿ. ಮಾತಾಡಿದ್ದು ಯಾರು, ಬರೆದುಕೊಂಡದ್ದು ಯಾರು, ಆಗ ಪಕ್ಕದಲ್ಲಿ ನಿಂತಿದ್ದವರು ಯಾರು ಎಂದು ಕೇಳಿ ಕೇಳಿ ಹುಡುಗರ ತಲೆ ತಿನ್ನುತ್ತಿದ್ದರು. “ಮೊಬೈಲು ಎರಡೇ ಸಾಲಲ್ಲಿ ಸಾರಾಂಶ ಕೊಡುತ್ತೆ ಮೇಡಂ, ಯಾಕಿಷ್ಟು ಒದ್ದಾಟ?” ಅಂದರೆ, “ಆ ಎರಡು ಸಾಲನ್ನೂ ಅನುಮಾನದಿಂದ ಓದು” ಅನ್ನುತ್ತಿದ್ದರು. ಹಾಗೆ ತಲೆ ತಿನ್ನಿಸಿಕೊಂಡವನೊಬ್ಬ ಈಗ ತಾನೂ ಮೇಷ್ಟ್ರಾಗಿ ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಅವನನ್ನು ಕಂಡರೆ ಮೇಡಂಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನಷ್ಟು ಅಕ್ಕರೆ, ಸ್ವಲ್ಪ ಜಂಬವೂ.

ಈ ಸಲದ ಹತ್ತು ಅಂಕದ ಪ್ರಶ್ನೆಯಲ್ಲಿ ಹಳೆಯ ಪೊಲೀಸ್ ಹೇಳಿಕೆಯೊಂದನ್ನು ಅಚ್ಚು ಹಾಕಿ, ಓದಿ ಅರ್ಥೈಸಿ ಎಂದು ಕೇಳಿದ್ದರು. ಕೂಲಿ ಹೆಂಗಸೊಬ್ಬಳ ಹೇಳಿಕೆ: ‘ಸದರಿ ಗೋದಾಮಿಗೆ ನಾನು ಸ್ವಇಚ್ಛೆಯಿಂದ ಬೆಂಕಿ ಇಟ್ಟಿರುತ್ತೇನೆ.’ ಕೆಳಗೆ ಅವಳ ಹೆಬ್ಬೆಟ್ಟು, ಸಾಕ್ಷಿಯಾಗಿ ಗೋದಾಮಿನ ಯಜಮಾನನ ಸಹಿ. ಸ್ಕೀಮ್ ಏನನ್ನುತ್ತದೆ? ಬೆಂಕಿ ಇಟ್ಟವಳು ಅವಳೇ, ತಪ್ಪೊಪ್ಪಿಗೆಯೇ ಪುರಾವೆ. ಮುಗೀತು! ಎಂದೋ ಸತ್ತುಹೋದವಳನ್ನು ಇನ್ನೊಮ್ಮೆ ಜೈಲಿಗೆ ಹಾಕಲು ಇವರಿಗೆ ಒಂದು ಸಾಲು ಸಾಕು.

ಮಧ್ಯಾಹ್ನದ ಕಟ್ಟಿನಲ್ಲಿ, ಯಾವ ಊರಿನ ಯಾರ ಮಗುವೋ, ಒಂದು ಪತ್ರಿಕೆ ಬೇರೆಯೇ ಹೇಳಿತ್ತು. ಮೇಡಂ ಹತ್ತಕ್ಕೆ ಹತ್ತು ಹಾಕಿದರು. ಮುಖ್ಯ ಪರೀಕ್ಷಕರು ಅದನ್ನು ಹಿಡಿದುಕೊಂಡು ದಡಬಡ ಬಂದರು.

“ಸ್ಕೀಮಲ್ಲಿ ಇದಿಲ್ಲವಲ್ಲ ಮೇಡಂ. ಸೊನ್ನೆ ಮಾಡಿ.”

“ಮಾಡಲ್ಲ ಸರ್. ಈ ಹತ್ತು ಕಿತ್ಕೊಂಡ್ರೆ ಮಗು ಫೇಲು. ಓದೋಕೆ ಬಂದಿದ್ದಕ್ಕೆ ಫೇಲಾ?”

“ನಮಗ್ಯಾಕೆ ಆ ಉಸಾಬರಿ? ಎಲ್ರಿಗೂ ಒಂದೇ ಅಳತೆ ಇರಬೇಕು ತಾನೆ?”

“ಈ ಉತ್ತರ ಓದಿದ್ರಾ ನೀವು?”

“ಒಂದೊಂದೇ ಓದ್ತಾ ಕೂತ್ರೆ ಕಟ್ಟು ಮುಗಿಯೋದು ಯಾವ ಕಾಲಕ್ಕೆ?”

ಮೇಡಂ ಎದ್ದು ನಿಂತರು. ಪತ್ರಿಕೆಯನ್ನು ಅವರ ಕೈಯಿಂದ ಕಿತ್ತುಕೊಂಡರು. ಇಡೀ ಹಾಲಿಗೆ ಕೇಳುವಂತೆ ಓದಿದರು: “‘ಹೆಬ್ಬೆಟ್ಟು ಒತ್ತುವ ಕೂಲಿ ಹೆಂಗಸು ಸದರಿ, ಸ್ವಇಚ್ಛೆ ಎಂದು ಮಾತಾಡುತ್ತಾಳೆಯೇ? ಇದು ಬರೆದುಕೊಂಡವರ ಮಾತು. ಸಾಕ್ಷಿ ಹಾಕಿದವನು ಮಾಲು ಕಳೆದುಕೊಂಡವನೇ. ಬೆಂಕಿ ಇವಳೇ ಇಟ್ಟಳೆಂದು ಈ ಹಾಳೆಯೊಂದರಿಂದ ಹೇಳಲಾಗದು. ಅವಳ ಮಾತು ಇದರಲ್ಲಿ ಇಲ್ಲ.’ ಹೇಳಿ, ಇದಕ್ಕೆ ಸೊನ್ನೆಯಾ? ನಾಚಿಕೆ ಆಗಲ್ವಾ ನಮಗೆ?”

ಪೆನ್ನುಗಳು ನಿಂತವು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಮುಖ್ಯ ಪರೀಕ್ಷಕರ ಮುಖ ಕೆಂಪಾಯಿತು. “ಆಯ್ತು ತಾಯಿ, ಹತ್ತು ಇರಲಿ. ನಿಮ್ಮ ಹತ್ತಿರ ಬಾಯಿ ಕೊಡೋಕಾಗುತ್ತಾ!” ಎಂದು ಗೊಣಗುತ್ತ ಹೊರಟರು.

ಮೇಡಂ ಗೆದ್ದ ಹುರುಪಿನಲ್ಲೇ ಪಕ್ಕದ ಶಿಷ್ಯನ ಕಡೆ ತಿರುಗಿದರು. “ನೋಡಿದೆಯೇನೋ? ನಿನ್ನ ಕಟ್ಟಲ್ಲಿ ಇಂಥದ್ದು ಬಂದಿದ್ರೆ ನೀನೂ ಹೀಗೇ ಜಗಳ ಆಡ್ತಿದ್ದೆ ತಾನೆ?”

ಅವನು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತ.

“ಬಂದಿತ್ತು ಮೇಡಂ. ಬೆಳಿಗ್ಗೆ.”

“ಹೌದಾ! ಮತ್ತೆ?”

“ಸರಿಯಾಗೇ ಬರೆದಿದ್ದಾರೆ ಅನ್ನಿಸ್ತು. ನಿಮ್ಮ ಕ್ಲಾಸು ನೆನಪಾಯ್ತು. ಎರಡು ಸಲ ಓದಿದೆ.”

“ಎಷ್ಟು ಹಾಕಿದೆ?”

“ಸೊನ್ನೆ, ಮೇಡಂ.”