ಬೀರುವಿನ ಹಿಂದಿನ ಜಾಗ

ಜುಲೈ ಒಂದನೇ ತಾರೀಖು ಬಂತೆಂದರೆ ಮಾಂಟ್ರಿಯಲ್‌ನಲ್ಲಿ ಊರಿಗೆ ಊರೇ ಮನೆ ಬದಲಾಯಿಸುತ್ತದೆ. ಬಾಡಿಗೆಯ ಕರಾರುಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಮುಗಿಯುವುದರಿಂದ, ಒಬ್ಬರ ಮಂಚ ಇಳಿಯುತ್ತಿರುವ ಮೆಟ್ಟಿಲಲ್ಲೇ ಇನ್ನೊಬ್ಬರ ಫ್ರಿಜ್ಜು ಹತ್ತುತ್ತಿರುತ್ತದೆ. ಆ ಗದ್ದಲದಲ್ಲಿ ಗಿಲೇನ್ ಹೇಳಿದ್ದೆಂದರೆ ಬಂಧುಬಳಗಕ್ಕೆಲ್ಲ ವೇದವಾಕ್ಯ. ಸಿಟಿ ಬಸ್ಸು ಓಡಿಸಿ ಪಳಗಿದ ಅವಳಿಗೆ ಯಾವ ಸೋಫಾ ಯಾವ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು.

"ಪುಸ್ತಕ ಸಣ್ಣ ಡಬ್ಬಕ್ಕೆ, ದಿಂಬು ದೊಡ್ಡ ಡಬ್ಬಕ್ಕೆ. ಕೆಟಲ್ಲು, ಟಾಯ್ಲೆಟ್ ಪೇಪರು, ಸ್ಕ್ರೂಡ್ರೈವರು ಕೊನೇಲಿ ಹತ್ತಿಸಿ, ಮೊದ್ಲು ಇಳಿಸಿ. ಅರ್ಥ ಆಯ್ತಾ?" ಎಂದು ಅವಳು ಗದರಿದರೆ ಮೀಸೆ ಹೊತ್ತ ಗಂಡಸರೂ ತಲೆಯಾಡಿಸುತ್ತಿದ್ದರು.

ಈ ಸಲ ಸಾಮಾನು ಅವಳದೇ. ಹುಟ್ಟಿದಾಗಿನಿಂದ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದವಳು, ಐವತ್ತು ದಾಟಿದ ಮೇಲೆ ರೋಸ್‌ಮೌಂಟ್ ಬಡಾವಣೆಯಲ್ಲಿ ಒಂದು ಮನೆಯ ಎರಡನೇ ಮಹಡಿಯನ್ನು ಸ್ವಂತಕ್ಕೆ ಕೊಂಡಿದ್ದಳು. ಜಂಬ ಬಂದಿತ್ತೇ? ಬಂದಿತ್ತು. ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದಳು. ನಾನಾದರೂ ಹಾಗೇ ಮಾಡುತ್ತಿದ್ದೆ.

ಕೆಳಗೆ ಫುಟ್‌ಪಾತಿನ ಮೇಲೆ, ಅಡುಗೆಮನೆಯ ಕುರ್ಚಿ ಹಾಕಿಸಿಕೊಂಡು ಅವಳ ತಾಯಿ ಅರೋರ್ ಕಾವಲಿಗೆ ಕೂತಿದ್ದಳು. ಕಾವಲು ಬೇಕೇ ಬೇಕು. ಆ ದಿನ ಫುಟ್‌ಪಾತಿನಲ್ಲಿದ್ದದ್ದೆಲ್ಲ ಬಿಟ್ಟುಹೋದದ್ದು ಎಂದು ಜನ ಎತ್ತಿಕೊಂಡು ನಡೆಯುತ್ತಾರೆ. ಆಗಲೇ ಯಾರೋ ದಂಪತಿ ಅವಳ ಓಕ್ ಮರದ ಬೀರುವಿನ ಎರಡು ಕಡೆ ನಿಂತು ಕೈಹಾಕಿದ್ದರು.

"ಏನ್ರೀ! ನಾನಿನ್ನೂ ಬದುಕಿದ್ದೀನಿ!" ಎಂದು ಮುದುಕಿ ಊರುಗೋಲು ಎತ್ತಿದಳು. ಅವರು ಕ್ಷಮೆ ಕೇಳಿ ಓಡಿದರು.

ಆ ಬೀರು ಅರೋರ್ ಮದುವೆಯಲ್ಲಿ ಬಂದದ್ದು. ಮನೆಗಳು ಬದಲಾದವು, ಗಂಡ ತೀರಿಕೊಂಡ, ಬೀರು ಮಾತ್ರ ಜೊತೆ ಬಿಡಲಿಲ್ಲ. ಎಲ್ಲಿ ನಿಲ್ಲಿಸಿದರೂ ಅದರ ಬೆನ್ನು ಗೋಡೆಗೆ ತಾಗುತ್ತಿರಲಿಲ್ಲ. ಮುಂದಿನ ಸಲ ಮನೆ ಬದಲಿಸುವಾಗ ಇರಲಿ ಎಂದು ಖಾಲಿ ರಟ್ಟಿನ ಡಬ್ಬಗಳನ್ನು ಮಡಚಿ ಅದರ ಹಿಂದೆ ಸಿಕ್ಕಿಸುತ್ತಿದ್ದಳು. "ಬೀರು ಒಳಗೆ ಬಂದ್ರೇನೇ ಅದು ನಮ್ಮನೆ," ಎಂಬುದು ಅವಳ ಮಾತು.

ಅದೇ ಬೀರು ಈಗ ಒಳಗೆ ಬರಲು ಒಲ್ಲೆ ಎಂದಿತು. ಹೊರಗಿನ ಕಬ್ಬಿಣದ ಮೆಟ್ಟಿಲು ಸುರುಳಿ ಸುತ್ತಿಕೊಂಡಿದ್ದರಿಂದ, ಗಿಲೇನಳ ಭಾವ ರೇಜಾನ್ ಮತ್ತು ಅವನ ಇಬ್ಬರು ಗೆಳೆಯರು ಹಗ್ಗ ಹಾಕಿ ಅದನ್ನು ಬಾಲ್ಕನಿಗೆ ಎಳೆದುಕೊಂಡಿದ್ದರು. ಗಿಲೇನ್ ಅದರ ಖಾನೆಗಳನ್ನು ತೆಗೆಸಿದ್ದಳು, ಕಾಲು ಬಿಚ್ಚಿಸಿದ್ದಳು, ಮನೆಯ ಬಾಗಿಲನ್ನೂ ಕೀಲಿನಿಂದ ಇಳಿಸಿದ್ದಳು. ಆದರೂ ಚೌಕಟ್ಟಿನಲ್ಲಿ ಎರಡು ಬೆರಳಷ್ಟು ಜಾಗ ಸಾಲದು. ಎಲ್ಲರ ಮನೆಯ ಅಳತೆ ಬಾಯಲ್ಲೇ ಹೇಳುವವಳು ತನ್ನ ಮನೆಯ ಬಾಗಿಲನ್ನು ಅಳೆಯಲು ಮರೆತಿದ್ದಳು. ಖುಷಿಯಲ್ಲಿ ಹೀಗೆಲ್ಲ ಆಗುತ್ತದೆ.

"ಮೆಲ್ಲಗೆ! ಚೌಕಟ್ಟಿಗೆ ಗೀರು ಬೀಳತ್ತೆ! ಕಂಬಳಿ ಇಡಿ, ಕಂಬಳಿ!" ಎಂದು ಅವಳು ಕೂಗಾಡಿದಳು.

ರೇಜಾನ್ ಬೆವರು ಒರೆಸಿಕೊಂಡ. "ನೋಡಮ್ಮ, ನಿಮ್ಮ ಬಸ್ಸನ್ನೇ ನುಗ್ಗಿಸಿದ್ರೂ ಇದು ಹೋಗಲ್ಲ. ಕೆಳಗಿಳಿಸಿ ಫುಟ್‌ಪಾತಲ್ಲಿ ಬಿಡೋಣ. ಪಿಜ್ಜಾ ಬರೋದ್ರೊಳಗೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ."

"ಭಾವ, ನಿಮ್ಮನ್ನೇ ಬೇಕಾದ್ರೆ ಫುಟ್‌ಪಾತಲ್ಲಿ ಬಿಡ್ತೀನಿ."

"ಹಾಗಾದ್ರೆ ಚೌಕಟ್ಟು ಕೀಳ್ಬೇಕು. ಬೇರೆ ದಾರಿ ಇಲ್ಲ."

ಗಿಲೇನಳ ಮುಖ ಸಪ್ಪಗಾಯಿತು. ಕೆಳಗೆ ಕೂತ ತಾಯಿಯ ಕಡೆ ನೋಡಿದಳು. ಆಮೇಲೆ ಜೇಬಿನಿಂದ ಫೋನು ತೆಗೆಯುತ್ತ, "ಸ್ವಲ್ಪ ಇರಿ. ಮನೆ ಮಾಲೀಕರನ್ನ ಒಂದ್ಮಾತು ಕೇಳ್ತೀನಿ. ಸುಮ್ನೆ ಕಿತ್ರೆ ಆಮೇಲೆ ಬೈತಾರೆ," ಎಂದಳು.

ರೇಜಾನ್ ಬಾಯಿ ತೆರೆದುಕೊಂಡೇ ನಿಂತ. ಗಿಲೇನ್ ಫೋನಿನಲ್ಲಿ ಹೆಸರು ಹುಡುಕುತ್ತಲೇ ಇದ್ದಳು.

ಮೊದಲು ನಕ್ಕವಳು ಕೆಳಗಿದ್ದ ಅರೋರ್. "ಕೇಳು, ಕೇಳು! ಮಾಲೀಕರು ಭಾರೀ ಬಜಾರಿಯಂತೆ, ಬಸ್ಸು ಓಡಿಸ್ತಾರಂತೆ!"

ಗಿಲೇನಳ ಬೆರಳು ನಿಂತಿತು. ಕೊರಳಿನ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ಮೊಳೆ ಹೊಡೆಯಬಾರದು, ಬಣ್ಣ ಬದಲಿಸಬಾರದು ಎಂದು ಕೇಳಿಕೊಂಡೇ ಬೆಳೆದವಳು. ಕ್ಯಾಲೆಂಡರನ್ನೂ ಗಮ್‌ಟೇಪಿನಲ್ಲಿ ಅಂಟಿಸಿದವಳು. ನಗು, ಅಳು ಎರಡೂ ಒಟ್ಟಿಗೆ ಉಕ್ಕಿ ಬಂದವು.

"ಸರೀರಿ ಈಚೆಗೆ," ಎಂದಳು. "ನನ್ನ ಚೌಕಟ್ಟು. ನಾನೇ ಕೀಳ್ತೀನಿ."

ರೇಜಾನ್ ಸುತ್ತಿಗೆ ಎತ್ತಿದ್ದನ್ನು ಕಂಡು ರೇಗಿದಳು. "ಹೊಡೆದ್ರೆ ಗಾರೆ ಉದುರತ್ತೆ, ಭಾವ! ನಿಮಗೆ ಎಷ್ಟು ಸಲ ಹೇಳೋದು?" ಮರಕ್ಕೂ ಗೋಡೆಗೂ ನಡುವಿನ ಬಣ್ಣದ ಗೆರೆಯ ಮೇಲೆ ಮೊದಲು ಚಾಕು ಎಳೆದಳು. ಕೆಳತುದಿಯಿಂದ ಶುರುಮಾಡಿ ತೆಳು ಕಬ್ಬಿಣದ ಪಟ್ಟಿ ತೂರಿಸಿದಳು. ಗೋಡೆಗೆ ಏಟಾಗದಂತೆ ಮರದ ತುಂಡು ಒತ್ತಿಟ್ಟು, ಮೀಟುಗೋಲನ್ನು ಮೆಲ್ಲಗೆ ಮೀಟಿದಳು. ಹಳೆಯ ಮೊಳೆಗಳು ಕಿರುಗುಟ್ಟಿದವು. ಆ ಸದ್ದು ಅವಳಿಗೆ ಎಷ್ಟು ಹಿತವಾಯಿತೆಂದರೆ ಹೇಳತೀರದು. ಚೌಕಟ್ಟು ಒಂದು ಚೂರೂ ಸೀಳದೆ ಕೈಗೆ ಬಂತು. ಮತ್ತೆ ಕೂರಿಸುವಾಗ ಗೊಂದಲವಾಗದಿರಲೆಂದು ಪ್ರತಿ ಹಲಗೆಯ ಹಿಂದೆಯೂ ಎಡ, ಬಲ ಎಂದು ಪೆನ್ಸಿಲಿನಲ್ಲಿ ಬರೆದಳು.

ಬೀರು ಮದುಮಗಳಂತೆ ನಿಧಾನವಾಗಿ ಒಳಗೆ ಬಂತು.

ಅರೋರ್ ಮಗಳ ತೋಳು ಹಿಡಿದು ಸುರುಳಿ ಮೆಟ್ಟಿಲು ಹತ್ತಿದಳು. ಚೌಕಟ್ಟಿಲ್ಲದ ಬಾಗಿಲ ಬಳಿ ನಿಂತು ಬರಿ ಇಟ್ಟಿಗೆಯನ್ನು ಸವರಿದಳು. "ಚೆನ್ನಾಗಿ ಕಿತ್ತಿದ್ದೀಯ," ಎಂದಳು. ಗಿಲೇನಳಿಗೆ ಅಂಥ ಹೊಗಳಿಕೆ ಹಿಂದೆಂದೂ ಸಿಕ್ಕಿರಲಿಲ್ಲ.

ಪಿಜ್ಜಾ, ಬಿಯರು ಮುಗಿದವು. ಸಾಮಾನು ತೆಗೆದು ಖಾಲಿಯಾದ ರಟ್ಟಿನ ಡಬ್ಬಗಳನ್ನು ಗಿಲೇನ್ ಎಂದಿನಂತೆ ಮಡಚಿ, ಬೀರುವಿನ ಹಿಂದೆ ಸಿಕ್ಕಿಸಲು ಬಗ್ಗಿದಳು.

"ಏನ್ ಮಾಡ್ತಿದ್ದೀಯೇ?" ಎಂದಳು ತಾಯಿ.

"ಡಬ್ಬ, ಅಮ್ಮ. ಮುಂದಿನ..." ಹೇಳುತ್ತಲೇ ಡಬ್ಬಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಫುಟ್‌ಪಾತಲ್ಲಿಟ್ಟು ಬಾ. ಬೇಕಾದವರು ತಗೊಂಡು ಹೋಗ್ಲಿ."

ಗಿಲೇನ್ ಇಟ್ಟು ಬರುವಷ್ಟರಲ್ಲಿ ಅರೋರ್ ಬೀರುವಿಗೆ ಹೆಗಲು ಕೊಟ್ಟು ನಿಂತಿದ್ದಳು. ಇಬ್ಬರೂ ಸೇರಿ ದೂಡಿದರು. ಬೀರುವಿನ ಬೆನ್ನು ಗೋಡೆಗೆ ತಾಗಿತು.